ಏಪ್ರಿಲ್‌ನ ಹಿಮ ಜನವರಿಯ ಹಿಮಕ್ಕಿಂತ ಯಾಕೆ ಜಾಸ್ತಿ ಕಾಡುತ್ತದೆ?

2022ರ ಏಪ್ರಿಲ್ 12ರಿಂದ 14ರವರೆಗೆ ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ ಹಿಮ ಸುರಿಯುತ್ತಲೇ ಇತ್ತು. ಮಿನಾಟ್ ಎಂಬ ಊರಿನಲ್ಲಿ ಬಿದ್ದದ್ದು ಸುಮಾರು 3 ಅಡಿ. ಹತ್ತು ದಿನ ಕಳೆಯುವಷ್ಟರಲ್ಲಿ ಇನ್ನೊಂದು ಹಿಮಬಿರುಗಾಳಿ ಬಂತು. ಈ ಸಲ ಮೊದಲು ಮಳೆ, ಆಮೇಲೆ ಮಂಜುಗಡ್ಡೆ, ಆಮೇಲೆ ಹಿಮ. ರಾಜ್ಯದ ಪಶ್ಚಿಮ ಭಾಗದಲ್ಲಿ ವಿದ್ಯುತ್ ಕಂಬಗಳು ಸಾಲುಸಾಲಾಗಿ ನೆಲಕ್ಕೆ ಬಿದ್ದವು.

ಕೆನಡಾದ ಗಡಿಗೆ ಅಂಟಿಕೊಂಡಿರುವ ಈ ರಾಜ್ಯಕ್ಕೆ ಹಿಮ ಹೊಸದೇನಲ್ಲ. ಜನವರಿಯಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 25–30 ಡಿಗ್ರಿ ಕೆಳಗಿಳಿದರೂ ಶಾಲೆ, ಅಂಗಡಿ, ಹಾಲಿನ ಲಾರಿ ಎಲ್ಲಾ ನಡೆದುಕೊಂಡು ಹೋಗುತ್ತವೆ. ಹಾಗಿದ್ದ ಮೇಲೆ ಸೊನ್ನೆಯ ಆಸುಪಾಸಿನಲ್ಲೇ ಬೀಳುವ ಏಪ್ರಿಲ್ ಹಿಮಕ್ಕೆ ಅದೇ ಜನ ಯಾಕೆ ಒದ್ದಾಡಬೇಕು? ಚಳಿ ಕಡಿಮೆ ಇದ್ದಾಗ ಕಷ್ಟವೂ ಕಡಿಮೆ ಇರಬೇಕಿತ್ತು ಅಲ್ವಾ?

ಉತ್ತರ ಚಳಿಯಲ್ಲಿಲ್ಲ, ನೀರಿನಲ್ಲಿದೆ. ವಸಂತದ ಹಿಮದಲ್ಲಿ ನೀರು ಜಾಸ್ತಿ. ಅದು ಬೀಳುವ ಹೊತ್ತಿಗೆ ಹಳ್ಳಿಗಾಡು ಚಳಿಗಾಲದ ಕಾವಲು ಬಿಟ್ಟಿರುತ್ತದೆ. ದನಗಳು ಈಯುತ್ತಿರುತ್ತವೆ, ಗೋಧಿ ಚಿಗುರಿರುತ್ತದೆ, ನದಿಯ ಮಂಜುಗಡ್ಡೆ ಒಡೆಯುತ್ತಿರುತ್ತದೆ.

ಈ ಬಿರುಗಾಳಿ ಹುಟ್ಟುವುದು ಎಲ್ಲಿ?

ಅಮೆರಿಕದ ನಡುಭಾಗ ದೊಡ್ಡ ಬಯಲು. ಅದನ್ನು ಗ್ರೇಟ್ ಪ್ಲೇನ್ಸ್ ಎನ್ನುತ್ತಾರೆ. ಅದರ ಪಶ್ಚಿಮಕ್ಕೆ ರಾಕಿ ಪರ್ವತಗಳು, ದಕ್ಷಿಣಕ್ಕೆ ಮೆಕ್ಸಿಕೋ ಕೊಲ್ಲಿ, ಉತ್ತರಕ್ಕೆ ಕೆನಡಾ. ಉತ್ತರದಿಂದ ದಕ್ಷಿಣದವರೆಗೆ ಗಾಳಿಯನ್ನು ತಡೆಯುವ ಅಡ್ಡ ಬೆಟ್ಟ ಒಂದೂ ಇಲ್ಲ. ಈ ಪ್ರದೇಶದ ಹವಾಮಾನ ಅರ್ಥವಾಗಬೇಕಾದರೆ ಈ ನಕ್ಷೆ ತಲೆಯಲ್ಲಿದ್ದರೆ ಸಾಕು.

ಪಶ್ಚಿಮದಿಂದ ಬೀಸುವ ಮೇಲಿನ ಗಾಳಿ ರಾಕಿ ಪರ್ವತ ದಾಟಿ ಪೂರ್ವದ ಕಡೆಗೆ ಇಳಿಯುತ್ತದೆ. ಇಳಿಯುವ ಜಾಗದಲ್ಲಿ, ಕೊಲರಾಡೊ ರಾಜ್ಯದ ಆಸುಪಾಸಿನಲ್ಲಿ, ಗಾಳಿಯ ಒತ್ತಡ ಕುಸಿಯುತ್ತದೆ. ಒತ್ತಡ ಕುಸಿದ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಅದು ನೇರವಾಗಿ ಬರದೆ ಸುತ್ತುತ್ತಾ ಬರುತ್ತದೆ. ಉತ್ತರ ಗೋಳಾರ್ಧದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಹಾಗಾಗಿ ಸುಳಿಯ ಪೂರ್ವ ಭಾಗ ಮೆಕ್ಸಿಕೋ ಕೊಲ್ಲಿಯ ಬೆಚ್ಚಗಿನ ಒದ್ದೆ ಗಾಳಿಯನ್ನು ಉತ್ತರಕ್ಕೆ ಎಳೆಯುತ್ತದೆ. ಪಶ್ಚಿಮ ಭಾಗ ಕೆನಡಾದ ತಣ್ಣನೆಯ ಗಾಳಿಯನ್ನು ದಕ್ಷಿಣಕ್ಕೆ ಎಳೆಯುತ್ತದೆ. ಬೆಚ್ಚಗಿನ ಗಾಳಿ ಹಗುರ. ಅದು ತಣ್ಣನೆಯ ಗಾಳಿಯ ಮೇಲೆ ಹತ್ತುತ್ತದೆ, ಹತ್ತುತ್ತಾ ತಣ್ಣಗಾಗುತ್ತದೆ, ತನ್ನ ನೀರನ್ನು ಹಿಮವಾಗಿ ಇಳಿಸುತ್ತದೆ. ಸುಳಿಯ ಉತ್ತರ ಮತ್ತು ವಾಯವ್ಯ ಭಾಗಕ್ಕೆ ಹಿಮ ಜಾಸ್ತಿ ಬೀಳುವುದು ಇದಕ್ಕೇ.

ಇದೇ ಕೆಲಸ ಜನವರಿಯಲ್ಲೂ ನಡೆಯುತ್ತದೆ. ಆದರೆ ತೀರಾ ತಣ್ಣಗಿನ ಗಾಳಿ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಮೈನಸ್ 20 ಡಿಗ್ರಿಯಲ್ಲಿ 1 ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 1 ಗ್ರಾಂ ನೀರಾವಿ ಇರಬಹುದು. ಸೊನ್ನೆ ಡಿಗ್ರಿಯಲ್ಲಿ ಸುಮಾರು 5 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ ದಾಟುತ್ತದೆ. ವಸಂತದಲ್ಲಿ ಕೊಲ್ಲಿಯ ಒದ್ದೆ ಗಾಳಿ ಉತ್ತರಕ್ಕೆ ತುಂಬಾ ದೂರ ಬರುತ್ತದೆ. ಅದೇ ಹೊತ್ತಿಗೆ ಕೆನಡಾದ ಚಳಿ ಇನ್ನೂ ಮುಗಿದಿರುವುದಿಲ್ಲ. ಎರಡೂ ಸೇರಿದರೆ ದೊಡ್ಡ ಹಿಮ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಇದೆ. ಏಪ್ರಿಲ್‌ನಲ್ಲಿ ನೆಲದ ಹತ್ತಿರ 2–3 ಡಿಗ್ರಿ ಇದ್ದರೂ ಮಳೆಯಾಗಿ ಶುರುವಾದದ್ದು ಹಿಮವಾಗಿ ಬದಲಾಗಬಹುದು. ಮೇಲಿನಿಂದ ಬೀಳುವ ಹಿಮದ ಎಸಳುಗಳು ಕೆಳಗಿನ ಬೆಚ್ಚಗಿನ ಪದರದಲ್ಲಿ ಕರಗುತ್ತವೆ. ಕರಗಲು ಶಾಖ ಬೇಕು, ಅದನ್ನು ಅವು ಗಾಳಿಯಿಂದಲೇ ಕಿತ್ತುಕೊಳ್ಳುತ್ತವೆ. 1 ಕೆಜಿ ಹಿಮ ಕರಗಲು ಬೇಕಾದ ಶಾಖದಲ್ಲಿ 1 ಕೆಜಿ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು. ಜೋರಾಗಿ ಸುರಿದರೆ ಆ ಪದರ ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಹಿಮ ಕರಗದೆ ನೆಲ ಮುಟ್ಟುತ್ತದೆ. ಮಳೆಯೋ ಹಿಮವೋ ಎಂದು ತೀರ್ಮಾನಿಸುವುದು ಒಂದೆರಡು ಡಿಗ್ರಿ. ವಸಂತದ ಹಿಮದ ಮುನ್ಸೂಚನೆ ಕೊಡುವವರಿಗೆ ತಲೆನೋವು ಇದೇ.

ಹಿಮ ಬಿದ್ದದ್ದೆಲ್ಲ ಬ್ಲಿಜಾರ್ಡ್ ಅಲ್ಲ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಅದಕ್ಕೆ ಲೆಕ್ಕ ಇಟ್ಟಿದೆ. ಗಾಳಿ ಗಂಟೆಗೆ 56 ಕಿ.ಮೀ. ಅಥವಾ ಹೆಚ್ಚಿನ ವೇಗದಲ್ಲಿ ಬೀಸಬೇಕು, ಹಾರುವ ಹಿಮದಿಂದ 400 ಮೀಟರ್ ಆಚೆಗಿನದು ಕಾಣಬಾರದು, ಇದು ಕನಿಷ್ಠ 3 ಗಂಟೆ ಇರಬೇಕು. ಹೊಸ ಹಿಮ ಬೀಳಲೇಬೇಕೆಂದಿಲ್ಲ. ನೆಲದಲ್ಲಿದ್ದ ಹಿಮವನ್ನೇ ಗಾಳಿ ಎಬ್ಬಿಸಿದರೂ ಅದು ಬ್ಲಿಜಾರ್ಡ್.

ಒಂದೇ ಎತ್ತರ, ನಾಲ್ಕು ಪಟ್ಟು ತೂಕ

ಹಿಮ ಎಷ್ಟು ಅಡಿ ಬಿತ್ತು ಎನ್ನುವುದು ಸುದ್ದಿಗೆ ಚೆನ್ನಾಗಿರುತ್ತದೆ. ಆದರೆ ಕೆಲಸಕ್ಕೆ ಬರುವ ಪ್ರಶ್ನೆ ಬೇರೆ: ಆ ಹಿಮ ಕರಗಿದರೆ ಎಷ್ಟು ನೀರು? ಕಡು ಚಳಿಯಲ್ಲಿ ಬೀಳುವ ಒಣ ಹಿಮದಲ್ಲಿ ಎಸಳುಗಳ ನಡುವೆ ಬರೀ ಗಾಳಿ. 20 ಸೆಂ.ಮೀ. ಹಿಮ ಕರಗಿದರೆ 1 ಸೆಂ.ಮೀ. ನೀರು ಸಿಗಬಹುದು. ಸೊನ್ನೆಯ ಹತ್ತಿರ ಬೀಳುವ ಒದ್ದೆ ಹಿಮದಲ್ಲಿ 5 ಸೆಂ.ಮೀ.ಗೇ ಅಷ್ಟು ನೀರು. ಒಣಗಿದ ಹತ್ತಿ ಹಾಸಿಗೆಯನ್ನು ಒಬ್ಬರೇ ಎತ್ತಬಹುದು. ಅದೇ ಹಾಸಿಗೆ ಮಳೆಯಲ್ಲಿ ನೆನೆದರೆ ಇಬ್ಬರು ಸೇರಿದರೂ ಕಷ್ಟ. ನೋಡಲು ಮಾತ್ರ ಎರಡೂ ಅಷ್ಟೇ ದಪ್ಪ.

ಲೆಕ್ಕ ಸುಲಭ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ನೀರು ನಿಂತರೆ ಅದರ ತೂಕ 1 ಕೆಜಿ. 30 ಸೆಂ.ಮೀ. ಒಣ ಹಿಮ ಎಂದರೆ 15 ಮಿ.ಮೀ. ನೀರು, ಅಂದರೆ ಚದರ ಮೀಟರಿಗೆ 15 ಕೆಜಿ. 30 ಸೆಂ.ಮೀ. ಒದ್ದೆ ಹಿಮ ಎಂದರೆ 60 ಕೆಜಿ. 100 ಚದರ ಮೀಟರ್ ಚಾವಣಿಯ ಮೇಲೆ 6 ಟನ್. ಅದರ ಮೇಲೆ ಮಳೆಯೂ ಬಂದರೆ ಹಿಮ ಆ ನೀರನ್ನೂ ಹೀರಿಕೊಂಡು ಇನ್ನಷ್ಟು ಭಾರವಾಗುತ್ತದೆ. ಹಳೆಯ ದನದ ಕೊಟ್ಟಿಗೆ, ಯಂತ್ರ ನಿಲ್ಲಿಸುವ ಶೆಡ್, ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ ಮೊದಲು ಕುಸಿಯುವುದು ಇದಕ್ಕೇ. ಮರಗಳಿಗೂ ಇದೇ ಗತಿ. ಎಲೆ ಉದುರಿದ ಕೊಂಬೆಗಳ ನಡುವಿನಿಂದ ಹಿಮ ಕೆಳಗೆ ಜಾರುತ್ತದೆ. ಆದರೆ ಏಪ್ರಿಲ್ ಕೊನೆಗೆ ಎಲೆ ಬಂದ ಮರ ಅದನ್ನು ಹಿಡಿದುಕೊಂಡು ಮುರಿಯುತ್ತದೆ.

ಕಂಬ ಬಿದ್ದ ಮೇಲೆ

ಒಣ ಹಿಮ ವಿದ್ಯುತ್ ತಂತಿಯ ಮೇಲೆ ನಿಲ್ಲುವುದಿಲ್ಲ, ಗಾಳಿಗೆ ಹಾರಿಹೋಗುತ್ತದೆ. ಒದ್ದೆ ಹಿಮ ಅಂಟುತ್ತದೆ. ಒಂದು ಕಡೆ ಅಂಟಿದ ಹಿಮದ ಭಾರಕ್ಕೆ ತಂತಿ ತಿರುಚಿಕೊಳ್ಳುತ್ತದೆ. ತಿರುಚಿದಾಗ ಬರಿದಾದ ಇನ್ನೊಂದು ಮಗ್ಗುಲು ಗಾಳಿಗೆ ಎದುರಾಗಿ, ಅಲ್ಲೂ ಹಿಮ ಕೂರುತ್ತದೆ. ಹೀಗೆ ಬೆರಳಿನಷ್ಟು ದಪ್ಪದ ತಂತಿ ತೋಳಿನಷ್ಟು ದಪ್ಪವಾಗಬಹುದು. ದಪ್ಪವಾದ ತಂತಿಗೆ ಗಾಳಿ ಇನ್ನೂ ಜೋರಾಗಿ ಹೊಡೆಯುತ್ತದೆ. ಒಂದು ಕಂಬ ಮುರಿದರೆ ಅದರ ಎಳೆತಕ್ಕೆ ಪಕ್ಕದ ಕಂಬ, ಅದರ ಎಳೆತಕ್ಕೆ ಮತ್ತೊಂದು ಬೀಳುತ್ತದೆ.

ಹಳ್ಳಿಗಾಡಿನಲ್ಲಿ ದುರಸ್ತಿಗೆ ಯಾಕೆ ಅಷ್ಟು ದಿನ ಬೇಕು ಎನ್ನುವುದಕ್ಕೆ ಕಾರಣ ಸರಳ. ಅಮೆರಿಕದ ಗ್ರಾಮೀಣ ಪ್ರದೇಶಗಳಿಗೆ ವಿದ್ಯುತ್ ಕೊಡುವುದು ಬಹುಪಾಲು ಸಹಕಾರ ಸಂಘಗಳು. 1930ರ ದಶಕದಲ್ಲಿ, ದೊಡ್ಡ ಕಂಪನಿಗಳು ಲಾಭವಿಲ್ಲವೆಂದು ಹಳ್ಳಿಗೆ ತಂತಿ ಎಳೆಯದಿದ್ದಾಗ, ಸರ್ಕಾರದ ಸಾಲದಿಂದ ರೈತರೇ ಕಟ್ಟಿಕೊಂಡ ಸಂಘಗಳು ಇವು. ಇಂದು ದೇಶದ ಅರ್ಧಕ್ಕೂ ಹೆಚ್ಚು ನೆಲಕ್ಕೆ ಅವುಗಳದ್ದೇ ತಂತಿ. ಆದರೆ ಒಂದು ಮೈಲಿ ತಂತಿಗೆ ಅವರಿಗಿರುವ ಗ್ರಾಹಕರು ಸರಾಸರಿ ಸುಮಾರು 8. ಪೇಟೆಯಲ್ಲಿ ಒಂದು ಕಂಬ ನಿಲ್ಲಿಸಿದರೆ ಇಡೀ ಬೀದಿಗೆ ಬೆಳಕು. ಇಲ್ಲಿ ಕೆಲವು ಕಡೆ ಹತ್ತಾರು ಕಂಬ ನಿಲ್ಲಿಸಿದರೆ ಒಂದು ಮನೆಗೆ ಬೆಳಕು. ಅದೂ ದಾರಿಯಲ್ಲಿ ಹಿಮ, ಹಿಮದ ಕೆಳಗೆ ಕೆಸರು ಇರುವಾಗ.

ವಿದ್ಯುತ್ ಹೋದರೆ ಕತ್ತಲಾಗುವುದು ಸಣ್ಣ ಮಾತು. ಕೊಳವೆ ಬಾವಿಯ ಮೋಟರ್ ನಿಲ್ಲುತ್ತದೆ, ದನಗಳಿಗೆ ನೀರಿಲ್ಲ. ಹಾಲು ಕರೆಯುವ ಯಂತ್ರ ನಿಲ್ಲುತ್ತದೆ. ದಿನಕ್ಕೆ ಎರಡು ಮೂರು ಸಲ ಕರೆಯುವ ಹಸುವನ್ನು ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಸೋಂಕು ತಗಲುತ್ತದೆ. ಕರೆದರೂ ರಸ್ತೆ ಮುಚ್ಚಿದ್ದರೆ ಲಾರಿ ಬಾರದು, ತಣ್ಣಗಿಡುವ ಟ್ಯಾಂಕ್ ತುಂಬಿದ ಮೇಲೆ ಹಾಲನ್ನು ಚೆಲ್ಲಲೇಬೇಕು. ಹಾಗಾಗಿ ಡೈರಿಯವರು ಟ್ರ್ಯಾಕ್ಟರಿನಿಂದ ತಿರುಗುವ ಜನರೇಟರ್ ಇಟ್ಟುಕೊಳ್ಳುತ್ತಾರೆ. ಇದರಲ್ಲಿ ಎರಡು ಅಪಾಯಗಳಿವೆ. ಮುಚ್ಚಿದ ಜಾಗದಲ್ಲಿ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತದೆ. ಹೊರಗಿನ ತಂತಿಯಿಂದ ಮನೆಯ ತಂತಿಯನ್ನು ಬೇರ್ಪಡಿಸುವ ಸ್ವಿಚ್ ಇಲ್ಲದೆ ಜೋಡಿಸಿದರೆ ಕರೆಂಟ್ ಹಿಂದಕ್ಕೆ ಹರಿದು, ಕಂಬದ ಮೇಲೆ ದುರಸ್ತಿ ಮಾಡುತ್ತಿರುವವರಿಗೆ ಹೊಡೆಯುತ್ತದೆ.

ಹುಟ್ಟಿದ ಕರು ಮತ್ತು ಒದ್ದೆ ಕೂದಲು

ಅತಿ ದೊಡ್ಡ ನಷ್ಟ ಆಗುವುದು ಇಲ್ಲಿ. ಉತ್ತರದ ಬಯಲಿನಲ್ಲಿ ಮಾಂಸಕ್ಕಾಗಿ ಸಾಕುವ ದನಗಳು ಹೆಚ್ಚಾಗಿ ಮಾರ್ಚ್–ಏಪ್ರಿಲ್‌ನಲ್ಲಿ ಈಯುತ್ತವೆ. ಇದು ಬೇಕೆಂದೇ ಮಾಡಿದ ಲೆಕ್ಕಾಚಾರ. ಆಗ ಹುಟ್ಟಿದರೆ ಮೇ–ಜೂನ್‌ನ ಹೊಸ ಹುಲ್ಲಿನ ಹೊತ್ತಿಗೆ ತಾಯಿಗೆ ಹಾಲು ಚೆನ್ನಾಗಿ ಬರುತ್ತದೆ, ಶರತ್ಕಾಲದಲ್ಲಿ ಮಾರುವಾಗ ಕರು ಒಳ್ಳೆಯ ತೂಕಕ್ಕೆ ಬಂದಿರುತ್ತದೆ. ಒಂದು ವರ್ಷದ ಆದಾಯವೆಲ್ಲ ಆ ಕೆಲವು ವಾರಗಳಲ್ಲಿ ಹುಟ್ಟುವ ಕರುಗಳಲ್ಲೇ ಇರುತ್ತದೆ. ಬಿರುಗಾಳಿ ಬರುವುದು ಸರಿಯಾಗಿ ಆಗಲೇ.

ದೊಡ್ಡ ಹಸು ಚಳಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ದಟ್ಟವಾದ ಚಳಿಗಾಲದ ಕೂದಲು ಒಣಗಿದ್ದರೆ, ಮೈ ಬೆಚ್ಚಗಿಡಲು ಅದಕ್ಕೆ ಹೆಚ್ಚಿನ ಮೇವು ಬೇಕಾಗುವುದು ಮೈನಸ್ 8 ಡಿಗ್ರಿಗಿಂತ ಕೆಳಗೆ ಇಳಿದಾಗ. ಅದೇ ಕೂದಲು ಪೂರ್ತಿ ನೆನೆದಿದ್ದರೆ ಈ ಮಿತಿ ಎಲ್ಲಿಗೆ ಏರುತ್ತದೆ ಗೊತ್ತೇ? ಪ್ಲಸ್ 15 ಡಿಗ್ರಿಗೆ. ಒಣಗಿದ ಕೂದಲಿನ ನಡುವೆ ಗಾಳಿ ನಿಂತಿರುತ್ತದೆ, ಅದೇ ಹೊದಿಕೆ. ನೆನೆದರೆ ಕೂದಲು ಮೈಗೆ ಅಂಟಿ ಆ ಗಾಳಿ ಹೋಗಿಬಿಡುತ್ತದೆ. ಅಂದರೆ ಮೈನಸ್ 5 ಡಿಗ್ರಿಯ ಒಣ ದಿನದಲ್ಲಿ ಆರಾಮಾಗಿ ನಿಂತ ಹಸು, 2 ಡಿಗ್ರಿಯ ಒದ್ದೆ ದಿನದಲ್ಲಿ ನಡುಗುತ್ತದೆ. ಮಳೆಯಾಗಿ ಶುರುವಾಗಿ ಹಿಮವಾಗುವ ಬಿರುಗಾಳಿ ಎಲ್ಲಕ್ಕಿಂತ ಕೆಟ್ಟದ್ದು ಎನ್ನುವುದು ಇದಕ್ಕೇ. ಮೇಲಾಗಿ ಏಪ್ರಿಲ್ ಹೊತ್ತಿಗೆ ದನಗಳು ಚಳಿಗಾಲದ ಕೂದಲನ್ನು ಉದುರಿಸಲು ಶುರುಮಾಡಿರುತ್ತವೆ.

2013ರ ಅಕ್ಟೋಬರ್‌ನಲ್ಲಿ ಸೌತ್ ಡಕೋಟಾದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಅಲ್ಲಿ ಕಾಲ ಮಾತ್ರ ತಿರುವುಮುರುವು. ದನಗಳಿಗೆ ಚಳಿಗಾಲದ ಕೂದಲು ಇನ್ನೂ ಬಂದಿರಲಿಲ್ಲ, ಬೇಸಿಗೆಯ ತೆರೆದ ಹುಲ್ಲುಗಾವಲಿನಲ್ಲೇ ಇದ್ದವು. ಮೊದಲು ಮಳೆ ನೆನೆಸಿತು, ಆಮೇಲೆ ಹಿಮ ಮತ್ತು ಜೋರು ಗಾಳಿ. ಹತ್ತಾರು ಸಾವಿರ ದನಗಳು ಸತ್ತವು.

ಈಗ ಕರುವಿನ ಮಾತು. ಅದು ಹುಟ್ಟುವುದೇ ಒದ್ದೆಯಾಗಿ. ಅದರ ಮೈಯ ಉಷ್ಣತೆ ಸುಮಾರು 38.5 ಡಿಗ್ರಿ ಇರಬೇಕು. ಮೈಯಲ್ಲಿ ಸ್ವಲ್ಪ ಕಂದು ಕೊಬ್ಬು ಇರುತ್ತದೆ, ಅದನ್ನು ಉರಿಸಿ ಕೆಲವು ಗಂಟೆ ಬೆಚ್ಚಗಿರಬಲ್ಲದು. ಅಷ್ಟರಲ್ಲಿ ತಾಯಿ ನೆಕ್ಕಿ ಒಣಗಿಸಬೇಕು, ಕರು ಎದ್ದು ಗಿಣ್ಣುಹಾಲು ಕುಡಿಯಬೇಕು. ಗಿಣ್ಣುಹಾಲಿನಲ್ಲಿ ಕೊಬ್ಬು ಮಾತ್ರವಲ್ಲ, ರೋಗ ತಡೆಯುವ ಶಕ್ತಿಯೂ ಇರುತ್ತದೆ. ಕರುವಿನ ಕರುಳು ಅದನ್ನು ಹೀರಿಕೊಳ್ಳುವುದು ಮೊದಲ 24 ಗಂಟೆಯೊಳಗೆ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿ. ಹಿಮ ಸುರಿಯುತ್ತಿದ್ದರೆ ನೆಕ್ಕಿದ್ದು ಒಣಗುವುದಿಲ್ಲ. ಮೈ ತಣ್ಣಗಾದ ಕರುವಿಗೆ ಏಳಲಾಗದು, ಚೀಪಲಾಗದು. ಹಾಲು ಸಿಗದ್ದರಿಂದ ಇನ್ನೂ ತಣ್ಣಗಾಗುತ್ತದೆ. ಉಷ್ಣತೆ 34–35 ಡಿಗ್ರಿಗಿಂತ ಕೆಳಗಿಳಿದರೆ ಹೊರಗಿನಿಂದ ಶಾಖ ಕೊಡದೆ ಉಳಿಯುವುದು ಕಷ್ಟ.

ಹಾಗಾಗಿ ಬಿರುಗಾಳಿಯ ರಾತ್ರಿ ದೊಡ್ಡ ಹುಲ್ಲುಗಾವಲಿನಲ್ಲಿ ದನ ಸಾಕುವ ರ‍್ಯಾಂಚಿನವರು ಮಲಗುವುದಿಲ್ಲ. ಒಂದೆರಡು ಗಂಟೆಗೊಮ್ಮೆ ಹೊರಗೆ ಹೋಗಿ, ಹೊಸ ಕರುಗಳನ್ನು ಹುಡುಕಿ ತರುತ್ತಾರೆ. ಪಿಕಪ್ ಗಾಡಿಯಲ್ಲಿ ಹೀಟರ್ ಮುಂದೆ ಮಲಗಿಸುತ್ತಾರೆ, ಬಿಸಿಗಾಳಿ ಊದುವ ಪೆಟ್ಟಿಗೆಯಲ್ಲಿ ಇಡುತ್ತಾರೆ, ತೀರಾ ಕೆಟ್ಟಿದ್ದರೆ ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಚೀಪಲಾಗದ ಕರುವಿಗೆ ಕೊಳವೆಯಲ್ಲಿ ಗಿಣ್ಣುಹಾಲು ಹಾಕುತ್ತಾರೆ. ಪೂರ್ತಿ ಒಣಗಿಸಿಯೇ ತಾಯಿಯ ಹತ್ತಿರ ಬಿಡಬೇಕು. ಬದುಕಿದ ಕೆಲವು ಕರುಗಳ ಕಿವಿಯ ತುದಿ, ಬಾಲ ಚಳಿಗೆ ಸತ್ತು ಆಮೇಲೆ ಉದುರುತ್ತವೆ.

ದೊಡ್ಡ ದನಗಳು ಬೇರೆ ರೀತಿ ಸಾಯುತ್ತವೆ. ಗಾಳಿಗೆ ಬೆನ್ನು ತಿರುಗಿಸಿ, ಗಾಳಿ ತಳ್ಳಿದ ಕಡೆಗೆ ನಡೆಯುತ್ತಾ ಹೋಗುವುದು ಅವುಗಳ ಸ್ವಭಾವ. ಬೇಲಿ ಸಿಕ್ಕರೆ ಅಲ್ಲಿ ಒತ್ತಿಕೊಂಡು ನಿಲ್ಲುತ್ತವೆ, ಮೇಲಿಂದ ಹಿಮ ರಾಶಿಬೀಳುತ್ತದೆ. ಹಿಮ ಬೇಲಿಯನ್ನೇ ಮುಚ್ಚಿದರೆ ಅದರ ಮೇಲೆ ನಡೆದು ಹಳ್ಳಕ್ಕೋ ಹೆದ್ದಾರಿಗೋ ಇಳಿಯುತ್ತವೆ. ಒದ್ದೆ ಹಿಮ ಮೂಗಿಗೆ ಮೆತ್ತಿ ಹೆಪ್ಪುಗಟ್ಟಿ ಉಸಿರುಗಟ್ಟುವುದೂ ಉಂಟು.

ಇದಕ್ಕೆ ಹಳೆಯ ಉಪಾಯ ಮರ ನೆಡುವುದು. 1930ರ ದಶಕದಲ್ಲಿ ಶುರುಮಾಡಿ 1942ರವರೆಗೆ, ಧೂಳಿನ ಬಿರುಗಾಳಿ ತಡೆಯಲೆಂದು ನಾರ್ತ್ ಡಕೋಟಾದಿಂದ ಟೆಕ್ಸಾಸ್‌ವರೆಗೆ ಸುಮಾರು 22 ಕೋಟಿ ಮರಗಳನ್ನು ಸಾಲಾಗಿ ನೆಟ್ಟಿದ್ದರು. ಉಳಿದಿರುವ ಆ ಸಾಲುಗಳು ಈಗ ದನಗಳಿಗೂ ಆಸರೆ. ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯ ವೇಗ ಕಡಿಮೆ ಇರುತ್ತದೆ. ಆದರೆ ಗಾಳಿ ನಿಧಾನವಾದ ಕಡೆ ಹಿಮವೂ ಇಳಿಯುತ್ತದೆ. ಸಾಲಿಗೆ ತೀರಾ ಒತ್ತಿ ಕರುಗಳನ್ನು ಕಟ್ಟಿದರೆ ಅವು ಹೂತುಹೋಗುತ್ತವೆ. ಸ್ವಲ್ಪ ದೂರದಲ್ಲಿ ಕಟ್ಟಬೇಕು.

ಬಿರುಗಾಳಿ ನಿಂತು ಬಿಸಿಲು ಬಂದ ಮೇಲೂ ಕಾಟ ಮುಗಿಯುವುದಿಲ್ಲ. ಏಪ್ರಿಲ್ ಮಧ್ಯದ ಸೂರ್ಯ ಆಗಸ್ಟ್ ಕೊನೆಯ ಸೂರ್ಯನಷ್ಟೇ ಎತ್ತರದಲ್ಲಿರುತ್ತಾನೆ. ಹೊಸ ಹಿಮ ಬಿದ್ದ ಬೆಳಕಿನ ಶೇ 80ಕ್ಕೂ ಹೆಚ್ಚು ಭಾಗವನ್ನು ಮೇಲಕ್ಕೆ ಎಸೆಯುತ್ತದೆ. ಆ ಬೆಳಕು ಕೆಳಗಿನಿಂದ ಹಸುವಿನ ಕೆಚ್ಚಲಿಗೆ ಹೊಡೆದು ಮೊಲೆಗಳು ಸುಟ್ಟು ಬೊಬ್ಬೆ ಬರುತ್ತವೆ. ನೋವಿಗೆ ಹಸು ಕರುವನ್ನು ಒದ್ದು ದೂರ ತಳ್ಳುತ್ತದೆ. ಬಿರುಗಾಳಿಯಲ್ಲಿ ಉಳಿದ ಕರು ಬಿಸಿಲಿನಲ್ಲಿ ಹಸಿವಿನಿಂದ ಸೊರಗುತ್ತದೆ. ಹಿಮದಿಂದ ಬಿಸಿಲುಗಾಯ ಎಂದರೆ ಮೊದಲು ನಂಬುವುದೇ ಕಷ್ಟ. ಆಮೇಲೆ ಬರುವ ಕೆಸರು ಕರುಗಳಿಗೆ ಭೇದಿ ತರುತ್ತದೆ.

ಬೆಳೆಗೆ ಏನಾಗುತ್ತದೆ?

ಬೆಳೆಯ ವಿಷಯದಲ್ಲಿ ಹಿಮ ಅರ್ಧ ಶತ್ರು, ಅರ್ಧ ಮಿತ್ರ. ಕಾನ್ಸಾಸ್‌ನಂಥ ರಾಜ್ಯಗಳಲ್ಲಿ ಗೋಧಿಯನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ಬಿತ್ತುತ್ತಾರೆ. ಅದು ಚಳಿಗಾಲವಿಡೀ ನೆಲದಲ್ಲಿ ಮಲಗಿದ್ದು ವಸಂತದಲ್ಲಿ ಏಳುತ್ತದೆ. ಅದರ ಬೆಳೆಯುವ ತುದಿ ಮಣ್ಣಿನೊಳಗೇ ಇರುವಷ್ಟು ದಿನ ಮೇಲಿನ ಎಲೆ ಸುಟ್ಟರೂ ಮತ್ತೆ ಚಿಗುರುತ್ತದೆ. ಆಗ ಹಿಮದ ಹಾಸು ಚಳಿಗಾಳಿಯನ್ನು ತಡೆದು ಒಳ್ಳೆಯದನ್ನೇ ಮಾಡುತ್ತದೆ. ಕಾಂಡದಲ್ಲಿ ಗಣ್ಣು ಮೂಡಿ ತುದಿ ಮಣ್ಣಿನಿಂದ ಮೇಲೆ ಬಂದ ಮೇಲೆ ಕಥೆ ಬದಲಾಗುತ್ತದೆ. ಆ ಹಂತದಲ್ಲಿ ಮೈನಸ್ 4 ಡಿಗ್ರಿ ಎರಡು ಗಂಟೆ ಇದ್ದರೆ ಸಾಕು, ಏಟು ಬೀಳುತ್ತದೆ.

2017ರ ಏಪ್ರಿಲ್ ಕೊನೆಯ ವಾರಾಂತ್ಯದಲ್ಲಿ ಪಶ್ಚಿಮ ಕಾನ್ಸಾಸ್‌ನಲ್ಲಿ ಹಲವೆಡೆ ಒಂದು ಅಡಿಗೂ ಜಾಸ್ತಿ ಒದ್ದೆ ಹಿಮ ಬಿತ್ತು. ಎತ್ತರಕ್ಕೆ ಬೆಳೆದಿದ್ದ ಗೋಧಿ ನೆಲಕ್ಕೆ ಚಪ್ಪಟೆಯಾಗಿ ಮಲಗಿತು. ಬಾಗಿದ ಕಾಂಡ ಎದ್ದು ನಿಲ್ಲುತ್ತದೆ, ಮುರಿದದ್ದು ಏಳುವುದಿಲ್ಲ. ಯಾವುದು ಬಾಗಿದೆ, ಯಾವುದು ಮುರಿದಿದೆ ಎಂದು ಹಿಮ ಕರಗಿದ ಮರುದಿನವೇ ಹೇಳಲಾಗದು. ಒಂದೆರಡು ವಾರ ಕಾದು, ಕಾಂಡ ಸೀಳಿ ಒಳಗಿನ ತುದಿ ಬೆಳ್ಳಗೆ ಗಟ್ಟಿಯಾಗಿದೆಯೋ ಕಂದಾಗಿ ಮೆತ್ತಗಾಗಿದೆಯೋ ನೋಡಬೇಕು.

ಹಣ್ಣಿನ ತೋಟಕ್ಕೆ ಹಿಮದ ಭಾರಕ್ಕಿಂತ ಅದರ ಹಿಂದೆ ಬರುವ ನಿರ್ಮಲ ರಾತ್ರಿಯ ಚಳಿ ಅಪಾಯ. ಸೇಬು ಪೂರ್ತಿ ಹೂ ಬಿಟ್ಟಿದ್ದಾಗ ಮೈನಸ್ 2 ಡಿಗ್ರಿಗೆ ಸುಮಾರು ಹತ್ತರಲ್ಲಿ ಒಂದು ಹೂ ಸಾಯುತ್ತದೆ. ಮೈನಸ್ 4ಕ್ಕೆ ಹತ್ತರಲ್ಲಿ ಒಂಬತ್ತು.

ಕರಗುವಾಗ ಬರುವ ಪ್ರವಾಹ

ಹಿಮ ಬಿದ್ದಾಗ ಆಗುವ ನಷ್ಟ ಕಣ್ಣಿಗೆ ಕಾಣುತ್ತದೆ. ಕರಗುವಾಗ ಆಗುವುದನ್ನು ಲೆಕ್ಕ ಹಾಕುವುದು ಕಷ್ಟ. ನೆಲ ಆಳದವರೆಗೆ ಹೆಪ್ಪುಗಟ್ಟಿದ್ದರೆ ಮಣ್ಣು ನೀರನ್ನು ಕುಡಿಯುವುದಿಲ್ಲ. ನೀರೆಲ್ಲ ಮೇಲೇ ಹರಿದು ಹಳ್ಳ ಸೇರುತ್ತದೆ. ವಸಂತದಲ್ಲಿ ಬಿಸಿಲು ಜೋರು, ಹಾಗಾಗಿ ಎರಡು ಮೂರು ಅಡಿ ಹಿಮ ವಾರದಲ್ಲೇ ಕರಗಬಹುದು.

ನಾರ್ತ್ ಡಕೋಟಾ ಮತ್ತು ಮಿನೆಸೋಟ ರಾಜ್ಯಗಳ ನಡುವೆ ಹರಿಯುವ ರೆಡ್ ನದಿಗೆ ಇನ್ನೊಂದು ತೊಂದರೆ ಇದೆ. ಅದು ಉತ್ತರಕ್ಕೆ, ಕೆನಡಾದ ಕಡೆಗೆ ಹರಿಯುತ್ತದೆ. ವಸಂತ ದಕ್ಷಿಣದಲ್ಲಿ ಮೊದಲು ಬರುತ್ತದೆ. ಅಲ್ಲಿ ಕರಗಿದ ನೀರು ಉತ್ತರಕ್ಕೆ ಹೋಗುವಾಗ ಮುಂದೆ ನದಿ ಇನ್ನೂ ಮಂಜುಗಡ್ಡೆ. ನೀರಿಗೆ ದಾರಿಯಿಲ್ಲ. ಸುತ್ತಲಿನ ನೆಲ ಅಗಾಸಿಜ್ ಎಂಬ ಹಿಮಯುಗದ ಸರೋವರದ ತಳ, ಮೇಜಿನಂತೆ ಸಮತಟ್ಟು. ನದಿ ದಡ ಮೀರಿದರೆ ಮೈಲುಗಟ್ಟಲೆ ಹರಡುತ್ತದೆ.

1996–97ರ ಚಳಿಗಾಲದಲ್ಲಿ ಅಲ್ಲಿ ಎಂಟು ದೊಡ್ಡ ಬ್ಲಿಜಾರ್ಡ್ ಬಂದವು. ಅಲ್ಲಿನ ಗ್ರ್ಯಾಂಡ್ ಫೋರ್ಕ್ಸ್ ಹೆರಾಲ್ಡ್ ಪತ್ರಿಕೆ ಬ್ಲಿಜಾರ್ಡ್‌ಗಳಿಗೆ ಹೆಸರಿಡುವುದು ರೂಢಿ. ಎಂಟನೆಯದು ಹ್ಯಾನಾ, ಏಪ್ರಿಲ್ ಮೊದಲ ವಾರದಲ್ಲಿ ಬಂತು. ಮೊದಲು ಹೆಪ್ಪುಗಟ್ಟುವ ಮಳೆ, ಆಮೇಲೆ ಹಿಮ. ಪ್ರವಾಹಕ್ಕೆ ಮಣ್ಣಿನ ಚೀಲ ಜೋಡಿಸುತ್ತಿದ್ದ ಜನ ವಿದ್ಯುತ್ ಇಲ್ಲದೆ ಕೂರಬೇಕಾಯಿತು. ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ನದಿ 49 ಅಡಿಗೆ ಏರುತ್ತದೆ ಎಂಬ ಮುನ್ಸೂಚನೆ ಇತ್ತು. ಜನ 52 ಅಡಿಯವರೆಗೆ ತಡೆಯುವ ಒಡ್ಡು ಕಟ್ಟಿದ್ದರು. ನೀರು 54 ಅಡಿ ದಾಟಿತು. ಸುಮಾರು 50,000 ಜನರ ಊರು ಹೆಚ್ಚುಕಡಿಮೆ ಪೂರ್ತಿ ಖಾಲಿಯಾಯಿತು. ನೀರಿನ ನಡುವೆಯೇ ಪೇಟೆಗೆ ಬೆಂಕಿ ಬಿದ್ದು 11 ಕಟ್ಟಡ ಸುಟ್ಟವು. ಅಗ್ನಿಶಾಮಕ ಗಾಡಿಗಳಿಗೆ ಹತ್ತಿರ ಹೋಗಲು ಪ್ರವಾಹದ ನೀರೇ ಅಡ್ಡಿಯಾಗಿತ್ತು.

2019ರ ಮಾರ್ಚ್‌ನಲ್ಲಿ ನೆಬ್ರಾಸ್ಕದಲ್ಲಿ ಒಂದೇ ಬಿರುಗಾಳಿ ಎರಡು ಕೆಲಸ ಮಾಡಿತು. ರಾಜ್ಯದ ಪಶ್ಚಿಮಕ್ಕೆ ಬ್ಲಿಜಾರ್ಡ್, ಪೂರ್ವಕ್ಕೆ ಮಳೆ. ಮಳೆ ಬಿದ್ದದ್ದು ಹೆಪ್ಪುಗಟ್ಟಿದ ನೆಲದ ಮೇಲೆ, ಹಳೆಯ ಹಿಮದ ಮೇಲೆ. ನಯೋಬ್ರಾರಾ ನದಿಯಲ್ಲಿ ದೊಡ್ಡ ದೊಡ್ಡ ಮಂಜುಗಡ್ಡೆ ತೇಲಿಬಂದು ಸ್ಪೆನ್ಸರ್ ಅಣೆಕಟ್ಟು ಒಡೆಯಿತು.

ಒಳ್ಳೆಯದೇನೂ ಇಲ್ಲವೇ?

ಇದೆ. ಇದೇ ಬಯಲಿನಲ್ಲಿ ಮಳೆ ಕಡಿಮೆ, ಬರ ಪದೇ ಪದೇ ಬರುತ್ತದೆ. 2021ರಲ್ಲಿ ನಾರ್ತ್ ಡಕೋಟಾ ತೀವ್ರ ಬರ ಕಂಡಿತ್ತು. ಮೇವಿಲ್ಲದೆ ರ‍್ಯಾಂಚಿನವರು ದನಗಳನ್ನು ಮಾರಿದ್ದರು. 2022ರ ಏಪ್ರಿಲ್ ಹಿಮ ಕರುಗಳನ್ನು ಕೊಂದಿತು, ಅದೇ ಹಿಮ ಹುಲ್ಲುಗಾವಲಿಗೆ ಮತ್ತು ಬತ್ತಿದ ಕೆರೆಗಳಿಗೆ ನೀರು ತಂದಿತು. ಏಪ್ರಿಲ್ ಹೊತ್ತಿಗೆ ನೆಲದ ಹೆಪ್ಪು ಬಿಟ್ಟಿದ್ದರೆ ನಿಧಾನವಾಗಿ ಕರಗುವ ಹಿಮ ಮಣ್ಣಿಗೆ ಚೆನ್ನಾಗಿ ಇಳಿಯುತ್ತದೆ. ಬಿತ್ತನೆ ಮಾತ್ರ ತಡವಾಗುತ್ತದೆ. ಒದ್ದೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಮಣ್ಣು ಗಟ್ಟಿಯಾಗಿ ಬೇರು ಇಳಿಯುವುದಿಲ್ಲ. ಹಾಗಾಗಿ ಕಾಯಲೇಬೇಕು.

ಭೂಮಿ ಬಿಸಿಯಾಗುತ್ತಿರುವಾಗ ಇಂಥ ಹಿಮ ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ಗೋಳಾರ್ಧದಲ್ಲಿ ವಸಂತದ ಹಿಮದ ಹಾಸು ಒಟ್ಟಾರೆ ಕಡಿಮೆಯಾಗುತ್ತಿದೆ, ಅದು ಉಪಗ್ರಹದ ದಾಖಲೆಗಳಲ್ಲಿ ಸ್ಪಷ್ಟ. ಆದರೆ ಗಾಳಿ ಪ್ರತಿ 1 ಡಿಗ್ರಿ ಬಿಸಿಯಾದಾಗ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಚಳಿ ಸಾಕಷ್ಟು ಇರುವ ದಿನ ಆ ಒದ್ದೆ ಗಾಳಿ ಬಂದರೆ ಹಿಮ ಜೋರಾಗಿಯೇ ಸುರಿಯುತ್ತದೆ. ಎರಡೂ ಒಟ್ಟಿಗೆ ನಿಜವಾಗಿರಬಹುದು.

ನಷ್ಟ ತುಂಬಿಕೊಡುವವರು ಯಾರು?

ಅಮೆರಿಕದ ಕೇಂದ್ರ ಸರ್ಕಾರಕ್ಕೆ ಜಾನುವಾರು ನಷ್ಟ ಪರಿಹಾರದ ಒಂದು ಯೋಜನೆ ಇದೆ. ಹವಾಮಾನದಿಂದ ದನ ಸತ್ತರೆ ಮಾರುಕಟ್ಟೆ ಬೆಲೆಯ ಶೇ 75ರ ಲೆಕ್ಕದಲ್ಲಿ ಕೊಡುತ್ತಾರೆ. ಎಷ್ಟು ಸತ್ತವು ಎನ್ನುವುದಕ್ಕೆ ಸಾಕ್ಷಿ ಬೇಕು. ಹಾಗಾಗಿ ಹಿಮ ಕರಗುತ್ತಿದ್ದಂತೆ ಮೊದಲ ಕೆಲಸ ಸತ್ತ ದನಗಳ ಫೋಟೋ ತೆಗೆಯುವುದು, ಕರು ಹುಟ್ಟಿದ ಲೆಕ್ಕದ ಪುಸ್ತಕ ಹುಡುಕುವುದು. 2013ರ ಸೌತ್ ಡಕೋಟಾ ಬಿರುಗಾಳಿಯ ಹೊತ್ತಿಗೆ ಈ ಯೋಜನೆಯ ಅವಧಿ ಮುಗಿದುಹೋಗಿತ್ತು. 2014ರಲ್ಲಿ ಹೊಸ ಕೃಷಿ ಕಾಯ್ದೆ ಬಂದು, ಹಿಂದಿನ ನಷ್ಟಕ್ಕೂ ಅನ್ವಯಿಸುವವರೆಗೆ ಜನ ಕಾದರು. ಪರಿಹಾರ ಸಿಕ್ಕರೂ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿಯ ಹಸುಗಳು ಹಾಗೆ ಮರಳಿ ಸಿಗುವುದಿಲ್ಲ.

ಮುನ್ನೆಚ್ಚರಿಕೆಯ ರೀತಿ ಸ್ವಲ್ಪ ಬದಲಾಗಿದೆ. ಮೊಂಟಾನ, ಡಕೋಟಾಗಳಂಥ ಕಡೆ ಹವಾಮಾನ ಸೇವೆಯ ಕಚೇರಿಗಳು ವಸಂತದಲ್ಲಿ ಹೊಸದಾಗಿ ಹುಟ್ಟಿದ ಜಾನುವಾರುಗಳಿಗೆಂದೇ ಬೇರೆ ಎಚ್ಚರಿಕೆ ಕೊಡುತ್ತವೆ. ಅದರಲ್ಲಿ ಉಷ್ಣತೆ ಒಂದನ್ನೇ ನೋಡುವುದಿಲ್ಲ. ಗಾಳಿಯ ಜೊತೆ ಮಳೆ ಅಥವಾ ಹಿಮ ಇದೆಯೇ, ಮೋಡವೋ ಬಿಸಿಲೋ ಎಂಬುದನ್ನೂ ಸೇರಿಸಿ ಅಪಾಯವನ್ನು ಮಟ್ಟಗಳಾಗಿ ವಿಂಗಡಿಸುತ್ತಾರೆ. ಅದನ್ನು ನೋಡಿ ರ‍್ಯಾಂಚಿನವರು ಈಯಲು ಹತ್ತಿರವಾದ ಹಸುಗಳನ್ನು ಕೊಟ್ಟಿಗೆಗೋ ಮರದ ಸಾಲಿನ ಮರೆಗೋ ಸಾಗಿಸುತ್ತಾರೆ, ಒಣ ಹುಲ್ಲು ದಪ್ಪಗೆ ಹಾಸುತ್ತಾರೆ, ಜನರೇಟರಿಗೆ ಡೀಸೆಲ್ ತುಂಬಿಸುತ್ತಾರೆ.